ಪ್ಯಾಕಪ್ ಆದಮೇಲೆ ನೀವೆಲ್ಲ ಮನೆಗೆ ಹೇಗೆ ಹೋಗುತ್ತೀರಿ?

ಫೋಕಸ್ ಕಳ್ಳ · ಬುಧವಾರ, ಮಧ್ಯಾಹ್ನ 12:20

ಹನ್ನೊಂದು ವರ್ಷದಿಂದ ಕ್ಯಾಮೆರಾ ವಿಭಾಗದಲ್ಲಿದ್ದೇನೆ. ಮೊದಲು ಕ್ಲ್ಯಾಪ್ ಹೊಡೆಯುತ್ತಿದ್ದೆ, ಈಗ ಫೋಕಸ್ ಪುಲ್ಲರ್, ಅಂದರೆ ಶಾಟ್ ನಡೆಯುವಾಗ ಲೆನ್ಸ್ ತಿರುಗಿಸುತ್ತಾ ಫೋಕಸ್ ಹಿಡಿಯುವವನು. ಒಂದು ವಿಷಯ ಕೇಳಬೇಕಿತ್ತು. ಸೆಟ್‌ನಲ್ಲಿ ಕೇಳಿದರೆ ನಗುತ್ತಾರೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಮೊನ್ನೆ ಶೂಟಿಂಗ್ ಮುಗಿದು ಪ್ಯಾಕಪ್ ಆದಾಗ ಬೆಳಗಿನ ಜಾವ ಮೂರೂವರೆ. ಹಿಂದಿನ ದಿನ ಬೆಳಗ್ಗೆ ಏಳಕ್ಕೆ ಎದ್ದವನು ನಾನು. ಲೆನ್ಸ್ ಒರೆಸಿ, ಪೆಟ್ಟಿಗೆಗೆ ತುಂಬಿ, ಲೆಕ್ಕ ಒಪ್ಪಿಸಿ ಕಾರು ಹತ್ತಿದೆ. ದಾರಿಯಲ್ಲಿ ಒಂದು ಸಿಗ್ನಲ್ ಕೆಂಪು ಇತ್ತು, ನಿಲ್ಲಿಸಿದೆ. ಆಮೇಲೆ ಕಿವಿಗೆ ಬಿದ್ದದ್ದು ಹಿಂದಿನ ಗಾಡಿಯ ಹಾರ್ನ್. ಮಧ್ಯೆ ಎಷ್ಟು ಸಲ ಹಸಿರಾಯಿತೋ, ಎಷ್ಟು ಸಲ ಕೆಂಪಾಯಿತೋ ದೇವರಿಗೇ ಗೊತ್ತು. ಕಾಲು ಬ್ರೇಕ್ ಮೇಲೇ ಇತ್ತು, ಪುಣ್ಯ.

ಆ ರಾತ್ರಿಯ ಕೊನೆಯ ಶಾಟ್ ಕ್ಲೋಸಪ್. 85 ಎಂಎಂ ಲೆನ್ಸ್, ಅಪರ್ಚರ್ 1.4, ನಟಿ ಎರಡು ಮೀಟರ್ ದೂರದಲ್ಲಿ. ಅಷ್ಟು ದೂರಕ್ಕೆ ಸುಮಾರು ನಾಲ್ಕು ಸೆಂಟಿಮೀಟರ್ ಮಾತ್ರ ಫೋಕಸ್‌ನಲ್ಲಿರುತ್ತದೆ. ಕಣ್ಣು ಸ್ಪಷ್ಟ, ಕಿವಿ ಮಸುಕು. ಆಕೆ ಅಳುತ್ತಾ ಒಂದಿಷ್ಟು ಮುಂದಕ್ಕೆ ಬಾಗಿದರೂ ನನ್ನ ಬೆರಳು ಜೊತೆಗೇ ತಿರುಗಬೇಕು. ಒಂಬತ್ತು ಟೇಕ್ ಆಯಿತು, ಒಂದರಲ್ಲೂ ತಪ್ಪಲಿಲ್ಲ. ನಾಲ್ಕು ಸೆಂಟಿಮೀಟರ್ ಹಿಡಿದವನಿಗೆ ಒಂದು ಗಂಟೆಯಲ್ಲಿ ಎದುರಿಗಿದ್ದ ಸಿಗ್ನಲ್ ಕಾಣಲಿಲ್ಲ.

ನೀವೆಲ್ಲ ಹೇಗೆ ಹೋಗುತ್ತೀರಿ? ನಿಜ ಹೇಳಿ.

ಐವತ್ತರ ಲೈಟ್ ಬಾಯ್ · 12:48

ತಮ್ಮಾ, ಮೊದಲು ಇದು ಕೇಳು. ಕಣ್ಣು ಎಳೆಯುತ್ತಿದೆ ಅನ್ನಿಸಿದರೆ ಗಾಡಿ ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ಮಲಗು. ಕಿಟಕಿ ತೆಗೆಯುವುದು, ಜೋರಾಗಿ ಹಾಡು ಹಾಕುವುದು, ಕೆನ್ನೆಗೆ ಹೊಡೆದುಕೊಳ್ಳುವುದು, ಎಲ್ಲಾ ಮಾಡಿ ನೋಡಿದ್ದೇನೆ. ಯಾವುದೂ ಕೆಲಸಕ್ಕೆ ಬರುವುದಿಲ್ಲ.

ನನಗೀಗ ಐವತ್ತೆರಡು. ಇನ್ನೂ ಬಾಯ್ ಅಂತಲೇ ಕರೆಯುತ್ತಾರೆ, ಕರೆಯಲಿ ಬಿಡು. ಪ್ಯಾಕಪ್ ಅಂದಾಗ ನಿಮ್ಮ ಕೆಲಸ ಮುಗಿಯುತ್ತದೆ, ನಮ್ಮದು ಶುರುವಾಗುತ್ತದೆ. ದೊಡ್ಡ ಲೈಟ್ ಆರಿಸಿದ ತಕ್ಷಣ ಮುಟ್ಟುವ ಹಾಗಿಲ್ಲ, ತಣ್ಣಗಾಗಬೇಕು. ಅಷ್ಟರಲ್ಲಿ ಸ್ಟ್ಯಾಂಡ್ ಇಳಿಸಬೇಕು, ಮರಳು ಚೀಲ ಹೊರಬೇಕು, ಕೇಬಲ್ ಸುತ್ತಬೇಕು. ಅವಸರದಲ್ಲಿ ಹೇಗೆಂದರೆ ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಮಾರನೆ ದಿನ ಕೈ ಕೊಡುತ್ತದೆ. ಒಂದು ದಿನ ಹಾಗೇ ನಿದ್ದೆಗಣ್ಣಲ್ಲಿ ಕೇಬಲ್ ಸುತ್ತುತ್ತಿದ್ದೆ. ಬರುತ್ತಿಲ್ಲ, ಎಳೆದೆ, ಇನ್ನೂ ಜೋರಾಗಿ ಎಳೆದೆ. ನೋಡಿದರೆ ಅದರ ಮೇಲೆ ನಾನೇ ನಿಂತಿದ್ದೆ.

ನಾನು ಮನೆಗೆ ಹೋಗುವುದು ಲೈಟ್ ಲಾರಿಯಲ್ಲಿ. ಹಿಂದೆ ಕೇಬಲ್ ರಾಶಿಯ ಮೇಲೆ ಮಲಗುತ್ತೇನೆ. ಸುಳ್ಳಲ್ಲ, ಮನೆ ಹಾಸಿಗೆಗಿಂತ ಅಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ.

ಸುಮ್ನೆ ಪ್ರೇಕ್ಷಕ · 1:15

ನಾನು ಸಿನಿಮಾ ಮಂದಿ ಅಲ್ಲ, ನೋಡುವವನು ಅಷ್ಟೇ. ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಕೊನೆಯಲ್ಲಿ ಐದಾರು ನಿಮಿಷ ಹೆಸರು ಓಡುತ್ತವಲ್ಲ, ಅಷ್ಟು ಜನ ನಿಜವಾಗಿ ಬೇಕಾಗುತ್ತಾರಾ? ಒಂದು ಸೀನ್‌ನಲ್ಲಿ ಇಬ್ಬರು ಕೂತು ಮಾತಾಡುತ್ತಾರೆ. ಅದಕ್ಕೆ ರಾತ್ರಿ ಮೂರೂವರೆ ಯಾಕೆ?

ಕಂಟಿನ್ಯೂಟಿ ಅಕ್ಕ · 1:52

ದಡ್ಡ ಪ್ರಶ್ನೆ ಅಲ್ಲ. ನಮ್ಮ ಮನೆಯಲ್ಲೂ ಇದನ್ನೇ ಕೇಳುತ್ತಾರೆ.

ಇಬ್ಬರು ಕೂತು ಮಾತಾಡುವ ಸೀನ್ ತೆಗೆದುಕೊಳ್ಳಿ. ಮೊದಲು ಇಬ್ಬರೂ ಕಾಣುವ ಹಾಗೆ ದೂರದಿಂದ ಒಂದು ಶಾಟ್. ಆಮೇಲೆ ಇವನ ಭುಜದ ಮೇಲಿಂದ ಅವಳು, ಅವಳ ಭುಜದ ಮೇಲಿಂದ ಇವನು. ಮತ್ತೆ ಇಬ್ಬರದೂ ಕ್ಲೋಸಪ್, ಲೋಟ ಹಿಡಿದ ಕೈಯದ್ದು ಇನ್ನೊಂದು. ಕ್ಯಾಮೆರಾ ಪ್ರತಿಸಲ ತಿರುಗಿದಾಗ ಲೈಟ್ ಬದಲಾಗಬೇಕು, ಹಿಂದಿನ ಗೋಡೆ ಬದಲಾಗಬೇಕು, ಮೈಕ್ ಜಾಗ ಬದಲಾಗಬೇಕು. ನೀವು ಎರಡು ನಿಮಿಷ ನೋಡುವುದನ್ನು ನಾವು ಏಳು ಗಂಟೆ ತೆಗೆದಿರುತ್ತೇವೆ. ಆ ಏಳು ಗಂಟೆಯೂ ಲೋಟದಲ್ಲಿ ನೀರು ಒಂದೇ ಮಟ್ಟದಲ್ಲಿರಬೇಕು.

ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. "ನೀನು ಬರಬಾರದಿತ್ತು" ಅನ್ನುವಾಗ ಅವನು ಲೋಟ ಎತ್ತಿದ್ದು ಬಲಗೈಯಲ್ಲಿ. ಎತ್ತಿದ್ದು "ನೀನು" ಅನ್ನುವಾಗಲಾ, "ಬರಬಾರದಿತ್ತು" ಅನ್ನುವಾಗಲಾ? ಬೆಳಗ್ಗೆ ಹತ್ತಕ್ಕೆ ಬರೆದಿಟ್ಟಿದ್ದನ್ನು ಸಂಜೆ ಐದಕ್ಕೆ ಹೇಳಬೇಕು. ಸರಿ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಲೋಕಕ್ಕೆಲ್ಲ ಗೊತ್ತಾಗುತ್ತದೆ, ಯಾರೋ ವಿಡಿಯೋ ಮಾಡಿ ಕೆಂಪು ವೃತ್ತ ಹಾಕಿ ತೋರಿಸುತ್ತಾರೆ. ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಕಾಣದ ಕೆಲಸ ಇದು.

ಫೋಕಸ್ ಕಳ್ಳ, ನಿಮಗೆ ಒಂದು ಹೆಸರು ಹೇಳಬೇಕು. ಬ್ರೆಂಟ್ ಹರ್ಷ್‌ಮನ್. ಅಮೆರಿಕದವರು, ನಿಮ್ಮದೇ ಕ್ಯಾಮೆರಾ ವಿಭಾಗ, ಸೆಕೆಂಡ್ ಅಸಿಸ್ಟೆಂಟ್. 1997ರಲ್ಲಿ 19 ಗಂಟೆ ಶೂಟ್ ಮುಗಿಸಿ ಕಾರಿನಲ್ಲಿ ಮನೆಗೆ ಹೊರಟರು. ದಾರಿಯಲ್ಲಿ ನಿದ್ದೆ ಹತ್ತಿತು, ಅಪಘಾತದಲ್ಲಿ ತೀರಿಕೊಂಡರು. 35 ವರ್ಷ. ದಿನಕ್ಕೆ 14 ಗಂಟೆಗಿಂತ ಜಾಸ್ತಿ ಕೆಲಸ ಬೇಡ ಅಂತ ಆಮೇಲೆ ಸಾವಿರಾರು ಜನ ಸಹಿ ಹಾಕಿದರು. ಎರಡು ಆಸ್ಕರ್ ಗೆದ್ದ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್‌ಲರ್ ಇದನ್ನೇ ಹಿಡಿದು 2006ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. 12 ಗಂಟೆ ಕೆಲಸ, 12 ಗಂಟೆ ಬಿಡುವು. ಅವರು ಕೇಳಿದ್ದು ಅಷ್ಟೇ.

ಸಹಿ ಹಾಕಿದವರು ಗಮನಿಸಿ, 8 ಗಂಟೆ ಕೇಳಲಿಲ್ಲ. 14 ಕೇಳಿದರು. ಅದೂ ಸಿಗಲಿಲ್ಲ.

ಬೂಮ್ ಕಂಬ · 2:30

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅದೇ 1997ರಲ್ಲಿ ಡಾಸನ್ ಮತ್ತು ರೀಡ್ ಅನ್ನುವವರು 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಹಾಕಿದ್ದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ ಶೇ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ಆದರೆ ಶೇ 0.10ರ ಮಟ್ಟ. ಎಷ್ಟೋ ದೇಶಗಳಲ್ಲಿ 0.05 ದಾಟಿದವರು ಗಾಡಿ ಓಡಿಸುವ ಹಾಗಿಲ್ಲ. ಕುಡಿದು ಸೆಟ್‌ಗೆ ಬಂದರೆ ಒದ್ದು ಕಳಿಸುತ್ತಾರೆ. ನಿದ್ದೆಗೆಟ್ಟು ಬಂದರೆ "ಎಂಥಾ ಡೆಡಿಕೇಶನ್ ನೋಡು" ಅನ್ನುತ್ತಾರೆ.

ಪ್ರೇಕ್ಷಕರೇ, ನನ್ನ ಕೆಲಸವನ್ನೂ ಕೇಳಿ. ನಾನು ಬೂಮ್ ಹಿಡಿಯುವವನು. ಉದ್ದನೆ ಕೋಲು, ತುದಿಗೆ ಮೈಕ್. ಎರಡೂ ಕೈ ತಲೆ ಮೇಲೆ. ಕೋಲೇನೂ ಭಾರ ಅಲ್ಲ, ನಾಲ್ಕು ನಿಮಿಷದ ಟೇಕ್‌ನಲ್ಲಿ ಭಾರ ಆಗುತ್ತದೆ. ಉಸಿರು ಕೇಳಬಾರದು, ನೆರಳು ಬೀಳಬಾರದು, ಮೈಕ್ ಫ್ರೇಮ್ ಒಳಗೆ ಇಣುಕಬಾರದು. ಡೈಲಾಗ್ ನನಗೂ ಬಾಯಿಪಾಠ, ಯಾರು ಯಾವಾಗ ಮಾತಾಡುತ್ತಾರೆ ಗೊತ್ತಿಲ್ಲದಿದ್ದರೆ ಮೈಕ್ ಎಲ್ಲಿಗೆ ತಿರುಗಿಸಲಿ?

ಒಂದು ಮಾತ್ರ ನನಗೆ ಬಲು ಇಷ್ಟ. ಜಾಗ ಬಿಡುವ ಮುಂಚೆ ರೂಮ್ ಟೋನ್ ತೆಗೆದುಕೊಳ್ಳುತ್ತೇವೆ. ಅಂದರೆ ಆ ಕೋಣೆಯ ಬರೀ ಮೌನ, ಅರ್ಧ ನಿಮಿಷದಿಂದ ಒಂದು ನಿಮಿಷ. ಎಡಿಟಿಂಗ್‌ನಲ್ಲಿ ಮಾತಿನ ಮಧ್ಯದ ಸಂದುಗಳಿಗೆ ಅದನ್ನು ತುಂಬುತ್ತಾರೆ, ಇಲ್ಲದಿದ್ದರೆ ಪ್ರತಿ ಕಟ್‌ಗೂ ಶಬ್ದ ಜಿಗಿಯುತ್ತದೆ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಲೈಟ್ ಹುಡುಗ ಒಂದು ಕಾಲು ಏಣಿ ಮೇಲೆ ಇಟ್ಟು ನಿಂತಿರುತ್ತಾನೆ, ಮೇಕಪ್‌ನವರ ಕೈಯಲ್ಲಿ ಬ್ರಷ್ ಹಾಗೇ ಇರುತ್ತದೆ, ಹೀರೋ ಕೂಡ ಕಲ್ಲಿನ ಹಾಗೆ ಕೂತಿರುತ್ತಾನೆ. ದಿನವಿಡೀ ಎಲ್ಲರೂ ಒಟ್ಟಿಗೆ ಸುಮ್ಮನಿರುವುದು ಅದೊಂದೇ ನಿಮಿಷ. ಕಳೆದ ತಿಂಗಳು ಹಾಗೆ ನಿಂತಾಗ ರೆಕಾರ್ಡಿಂಗ್‌ನಲ್ಲಿ ಗೊರಕೆ ಬಂತು. ಯಾರದು ಅಂತ ಇವತ್ತಿಗೂ ಗೊತ್ತಾಗಿಲ್ಲ. ನಾವೂ ಹುಡುಕಲಿಲ್ಲ.

ಲೆಕ್ಕದವನು · ಸಂಜೆ 5:05

ನಾನು ಪ್ರೊಡಕ್ಷನ್ ಮ್ಯಾನೇಜರ್. ಬೈಯುವುದಕ್ಕೆ ಒಬ್ಬ ಬೇಕಿತ್ತಲ್ಲ, ಬಂದಿದ್ದೇನೆ.

ರಾತ್ರಿ ಮೂರೂವರೆ ಯಾಕೆ ಆಗುತ್ತದೆ ಅಂತ ನಾನು ಹೇಳುತ್ತೇನೆ. ಲೊಕೇಶನ್‌ಗೆ ಒಂದೇ ದಿನ ಅನುಮತಿ. ನಟನ ಡೇಟ್ ನಾಳೆ ಇಲ್ಲ. ಜನರೇಟರ್, ಕ್ರೇನ್, ಲೆನ್ಸ್ ಎಲ್ಲದಕ್ಕೂ ದಿನದ ಬಾಡಿಗೆ. ಇನ್ನೆರಡು ಶಾಟ್‌ಗಾಗಿ ನಾಳೆ ಮತ್ತೆ ಇಡೀ ಯುನಿಟ್ ಕರೆಸುವುದಕ್ಕಿಂತ ಇವತ್ತೇ ನಾಲ್ಕು ಗಂಟೆ ಎಳೆಯುವುದು ಅಗ್ಗ. ಅಗ್ಗ ಯಾರಿಗೆ ಅಂತ ಕೇಳಬೇಡಿ, ಕಾಗದದ ಮೇಲೆ ಅಗ್ಗ.

ಇನ್ನೊಂದು ಹೇಳಿಬಿಡುತ್ತೇನೆ. ತಪ್ಪು ಆ ರಾತ್ರಿ ಆಗುವುದಿಲ್ಲ, ಎರಡು ತಿಂಗಳ ಹಿಂದೆ ಶೆಡ್ಯೂಲ್ ಬರೆಯುವಾಗಲೇ ಆಗಿರುತ್ತದೆ. ಅರವತ್ತು ದಿನದ ಕೆಲಸ ಅಂತ ನನಗೆ ಗೊತ್ತು. ಅರವತ್ತು ಅಂತ ಬರೆದರೆ ಬಜೆಟ್ ಪಾಸ್ ಆಗುವುದಿಲ್ಲ. ನಲವತ್ತೆಂಟು ಅಂತ ಬರೆಯುತ್ತೇವೆ. ಉಳಿದ ಹನ್ನೆರಡು ದಿನ ಎಲ್ಲಿ ಹೋಗುತ್ತವೆ? ಎಲ್ಲೂ ಹೋಗುವುದಿಲ್ಲ. ಫೋಕಸ್ ಕಳ್ಳನ ನಿದ್ದೆಯಲ್ಲಿ, ಲೈಟ್ ಅಣ್ಣನ ಬೆನ್ನಲ್ಲಿ ಸೇರಿಕೊಳ್ಳುತ್ತವೆ. ನನಗೂ ಮೇಲಿನವರು ಹಾಗೇ ತಳ್ಳಿರುತ್ತಾರೆ, ನಾನು ಕೆಳಗೆ ತಳ್ಳುತ್ತೇನೆ. ಒಪ್ಪಿಕೊಳ್ಳುತ್ತೇನೆ.

ಕಾಲ್ ಶೀಟ್ ತೆಗೆದು ನೋಡಿ. ಎಲ್ಲರೂ ಎಷ್ಟು ಗಂಟೆಗೆ ಬರಬೇಕು ಅಂತ ನಿಮಿಷ ಸಮೇತ ಇರುತ್ತದೆ. ಎಷ್ಟಕ್ಕೆ ಹೋಗಬೇಕು ಅನ್ನುವ ಕಾಲಂ ನಾನು ಇವತ್ತಿನವರೆಗೂ ಹಾಕಿಲ್ಲ.

ಕಂಟಿನ್ಯೂಟಿ ಅಕ್ಕ · 5:40

ಲೆಕ್ಕದವರೇ, ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್. ಆದರೆ ಅನುಮತಿ, ಡೇಟ್ ಅಂತ ನೀವು ಹೇಳುವಾಗ ನನಗೆ 2014 ನೆನಪಾಗುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ರೈಲ್ವೆ ಕಂಪನಿಯ ಅನುಮತಿ ಇಲ್ಲದೆ ಸೇತುವೆಯ ಹಳಿ ಮೇಲೆ ಶೂಟ್ ಇಟ್ಟುಕೊಂಡಿದ್ದರು. ರೈಲು ಬಂತು. ಸಾರಾ ಜೋನ್ಸ್ ಅನ್ನುವ 27 ವರ್ಷದ ಕ್ಯಾಮೆರಾ ಅಸಿಸ್ಟೆಂಟ್ ಸತ್ತಳು. ನಿರ್ದೇಶಕ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಹಳಿ ಮೇಲೆ ನಿಲ್ಲು ಅಂದಾಗ "ಅನುಮತಿ ಇದೆಯಾ" ಅಂತ ಕ್ಲ್ಯಾಪ್ ಹೊಡೆಯುವ ಹುಡುಗಿ ಕೇಳುತ್ತಾಳಾ? ಕೇಳಿದರೆ ಮುಂದಿನ ಸಿನಿಮಾಗೆ ಅವಳಿಗೆ ಫೋನ್ ಬರುತ್ತದಾ?

ಐವತ್ತರ ಲೈಟ್ ಬಾಯ್ · 6:10

ಅದೇ ಅಕ್ಕಾ. ನಮಗೆ ಕೆಲಸದಿಂದ ತೆಗೆಯುವುದು ಅಂತ ಇರುವುದಿಲ್ಲ. ಫೋನ್ ಬರುವುದಿಲ್ಲ ಅಷ್ಟೇ. ಯಾಕೆ ಬರಲಿಲ್ಲ ಅಂತ ಯಾರನ್ನು ಕೇಳುತ್ತೀರಿ?

ದಿನಕ್ಕೊಂದು ಎಪಿಸೋಡ್ · ರಾತ್ರಿ 9:30

ಸಿನಿಮಾದವರು ನಲವತ್ತೆಂಟು ದಿನ ಅಂತ ಅಳುತ್ತಿದ್ದೀರಲ್ಲ, ನಮ್ಮ ಸೀರಿಯಲ್ ಕಡೆಗೂ ಬನ್ನಿ. ನಮಗೆ ಕೊನೆಯ ದಿನ ಅನ್ನುವುದೇ ಇಲ್ಲ.

ನಾನು ಅಸೋಸಿಯೇಟ್ ಡೈರೆಕ್ಟರ್. ವಾರಕ್ಕೆ ಐದಾರು ಎಪಿಸೋಡ್ ಹೋಗಬೇಕು, ಒಂದೊಂದೂ ಇಪ್ಪತ್ತು ನಿಮಿಷದ ಮೇಲೆ. ಶುರುವಿನಲ್ಲಿ ಹದಿನೈದು ಎಪಿಸೋಡ್ ಬ್ಯಾಂಕ್ ಇಟ್ಟುಕೊಂಡಿರುತ್ತೇವೆ. ಯಾರಿಗೋ ಜ್ವರ, ಎಲ್ಲೋ ಮಳೆ, ಕಥೆ ಬದಲಿಸಿ ಅಂತ ಚಾನೆಲ್‌ನಿಂದ ಫೋನ್. ಬ್ಯಾಂಕ್ ಕರಗುತ್ತದೆ. ಆಮೇಲೆ ಇವತ್ತು ತೆಗೆದದ್ದು ನಾಳೆ ಟಿವಿಯಲ್ಲಿ. ಬೆಳಗ್ಗೆ ಸೆಟ್‌ಗೆ ಹೋದರೆ ಸ್ಕ್ರಿಪ್ಟ್ ಬಂದಿರುವುದಿಲ್ಲ. ಬರಹಗಾರರು ಒಂದೊಂದೇ ಪುಟ ಮೊಬೈಲ್‌ಗೆ ಕಳಿಸುತ್ತಿರುತ್ತಾರೆ. ಅವರನ್ನು ಬೈಯಬೇಡಿ, ರಾತ್ರಿ ಹನ್ನೊಂದಕ್ಕೆ ಕಥೆ ಬದಲಾಗಿರುತ್ತದೆ. ಮೇಕಪ್‌ನವರು ಬೆಳಗ್ಗೆ ಐದಕ್ಕೇ ಬಂದಿರುತ್ತಾರೆ. ಮದುವೆ ಮೇಕಪ್ ಹಾಕಬೇಕಾ ಸಾವಿನ ಮೇಕಪ್ ಹಾಕಬೇಕಾ ಅಂತ ಅವರಿಗೂ ಗೊತ್ತಿರುವುದಿಲ್ಲ.

ಒಂದು ದಿನ ಪುಟ ಬರುವ ಮುಂಚೆಯೇ ಇಬ್ಬರು ನಟರನ್ನು ಎದುರುಬದುರು ಕೂರಿಸಿ "ಒಬ್ಬರನ್ನೊಬ್ಬರು ನೋಡುತ್ತಿರಿ" ಅಂತ ನೋಟಗಳನ್ನಷ್ಟೇ ಶೂಟ್ ಮಾಡಿಟ್ಟುಕೊಂಡೆ. ಸಿಟ್ಟಿನ ನೋಟ, ಅನುಮಾನದ ನೋಟ, ಆಘಾತದ ನೋಟ. ಮಾತು ಆಮೇಲೆ ಬಂತು. ಸೀರಿಯಲ್‌ನಲ್ಲಿ ಯಾಕೆ ಮೂರು ಮೂರು ಸಲ ಮುಖ ತೋರಿಸುತ್ತಾರೆ ಅಂತ ನಗುತ್ತೀರಲ್ಲ, ಕೆಲವು ಸಲ ಕಾರಣ ಇದೇ.

ಸುಮ್ನೆ ಪ್ರೇಕ್ಷಕ · 9:55

ಅಯ್ಯೋ, ಆ ಮೂರು ಸಲ ಮುಖಕ್ಕೆ ನಾನೇ ಎಷ್ಟೋ ಸಲ ಗೇಲಿ ಮಾಡಿದ್ದೇನೆ.

ಆದರೂ ಒಂದು ಮಾತು. ಎಲ್ಲಾ ಕೆಲಸದಲ್ಲೂ ಕಷ್ಟ ಇರುತ್ತದೆ. ನೀವು ಇಷ್ಟಪಟ್ಟು ಬಂದವರಲ್ವಾ? ಬೇಡ ಅಂದರೆ ಬಿಡಬಹುದಲ್ಲ?

ಬೂಮ್ ಕಂಬ · 10:20

ಇಷ್ಟಪಟ್ಟೇ ಬಂದೆ. ಈಗಲೂ ಇಷ್ಟ. ಮದುವೆಯನ್ನೂ ಇಷ್ಟಪಟ್ಟೇ ಆಗುತ್ತೇವೆ, ಹಾಗಂತ ಮನೆಯಲ್ಲಿ ಮಲಗಲು ಬಿಡದಿದ್ದರೆ ಸುಮ್ಮನಿರುತ್ತೀರಾ?

ಸಿಟ್ಟಿನಿಂದ ಹೇಳುತ್ತಿಲ್ಲ ಸರ್. ಆದರೆ ಈ 'ಇಷ್ಟ' ಅನ್ನುವ ಮಾತನ್ನೇ ಇಟ್ಟುಕೊಂಡು ನಮ್ಮನ್ನು ದುಡಿಸುತ್ತಾರೆ. ಬ್ಯಾಂಕ್‌ನಲ್ಲಿ ಕೂತವರಿಗೆ "ನಿಮಗೆ ಲೆಕ್ಕ ಇಷ್ಟ ಅಲ್ವಾ, ಇನ್ನು ಆರು ಗಂಟೆ ಕೂತುಕೊಳ್ಳಿ" ಅಂತ ಯಾರೂ ಹೇಳುವುದಿಲ್ಲ.

ರೆಂಡರ್ ಆಗ್ತಿದೆ · 11:45

ಸೆಟ್‌ನವರೆಲ್ಲ ಹೇಳಿ ಮುಗಿಸಿದಿರಾ? ನಾನು ವಿಎಫ್‌ಎಕ್ಸ್, ಕಂಪ್ಯೂಟರ್‌ನಲ್ಲಿ ದೃಶ್ಯ ತಿದ್ದುವ ಕೆಲಸ. ನಮ್ಮ ಮುಖ ನೀವು ಯಾರೂ ನೋಡಿರುವುದಿಲ್ಲ.

ಸೆಟ್‌ನಲ್ಲಿ ನೀವು ಒಂದು ಮಾತು ಆಡುತ್ತೀರಿ, "ಪೋಸ್ಟ್‌ನಲ್ಲಿ ನೋಡಿಕೊಳ್ಳೋಣ". ಪೋಸ್ಟ್ ಅಂದರೆ ಶೂಟಿಂಗ್ ಮುಗಿದ ಮೇಲಿನ ಕೆಲಸ, ಅಂದರೆ ನಾನು. ಬೂಮ್ ಕಂಬದವರೇ, ನಿಮ್ಮ ಮೈಕ್ ಫ್ರೇಮ್‌ಗೆ ಇಣುಕಿದ್ದನ್ನು 212 ಫ್ರೇಮ್‌ನಲ್ಲಿ ಒರೆಸಿದ್ದೇನೆ. ನಿಮ್ಮದೇ ಅಂತಲ್ಲ, ನಿಮ್ಮಂಥವರೊಬ್ಬರದು. ಒಂದು ಸೆಕೆಂಡ್‌ಗೆ 24 ಫ್ರೇಮ್, ಒಂಬತ್ತು ಸೆಕೆಂಡ್ ಕೂಡ ಆಗಲಿಲ್ಲ. ಹಿಂದೆ ಪರದೆ ಗಾಳಿಗೆ ಅಲ್ಲಾಡುತ್ತಿತ್ತು. ಮೂರು ದಿನ ಹಿಡಿಯಿತು. ಇನ್ನೊಂದು ಟೇಕ್ ತೆಗೆದಿದ್ದರೆ ನಾಲ್ಕು ನಿಮಿಷದ ಕೆಲಸ.

ನಮ್ಮಲ್ಲಿ ಹೆಚ್ಚಿನ ಕೆಲಸ ಒಟ್ಟು ಮೊತ್ತಕ್ಕೆ ಒಪ್ಪಿಕೊಳ್ಳುವುದು. ಇಷ್ಟು ಶಾಟ್‌ಗೆ ಇಷ್ಟು ದುಡ್ಡು. ಆಮೇಲೆ ಆಕಾಶ ನೀಲಿ ಬೇಡ, ಕೇಸರಿ ಮಾಡಿ ಅನ್ನುತ್ತಾರೆ. ಕೇಸರಿ ಜಾಸ್ತಿ ಆಯಿತು, ಮೊದಲಿನದೇ ಚೆನ್ನಾಗಿತ್ತು ಅನ್ನುತ್ತಾರೆ. ದುಡ್ಡು ಅಷ್ಟೇ, ಬಿಡುಗಡೆ ದಿನಾಂಕವೂ ಅಷ್ಟೇ. ಸೆಟ್‌ನಲ್ಲಿ ಉಳಿಸಿದ ಗಂಟೆಗಳೆಲ್ಲ ಬಡ್ಡಿ ಸಮೇತ ನಮ್ಮ ಮೇಜಿಗೆ ಬರುತ್ತವೆ.

2013ರ ಫೆಬ್ರವರಿ ನೆನಪಿದೆಯಾ? ರಿದಮ್ ಅಂಡ್ ಹ್ಯೂಸ್ ಅನ್ನುವ ವಿಎಫ್‌ಎಕ್ಸ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಎರಡು ವಾರದೊಳಗೆ 'ಲೈಫ್ ಆಫ್ ಪೈ' ಸಿನಿಮಾಗೆ ಅದೇ ಕಂಪನಿ ಮಾಡಿದ ಹುಲಿಗೆ ಆಸ್ಕರ್ ಬಂತು. ಹೊರಗೆ ನೂರಾರು ಕಲಾವಿದರು ಪ್ರತಿಭಟನೆ ಮಾಡುತ್ತಿದ್ದರು. ಒಳಗೆ ಪ್ರಶಸ್ತಿ ತೆಗೆದುಕೊಂಡವರು ಕಂಪನಿಯ ಕಷ್ಟ ಹೇಳುವಷ್ಟರಲ್ಲಿ ಮ್ಯೂಸಿಕ್ ಜೋರು ಮಾಡಿ ಮೈಕ್ ಆಫ್ ಮಾಡಿದರು. ಹಾಕಿದ ಮ್ಯೂಸಿಕ್ ಯಾವುದು ಗೊತ್ತಾ? ತಿಮಿಂಗಿಲ ಅಲ್ಲ, ಶಾರ್ಕ್ ಬರುವಾಗ ಬರುತ್ತದಲ್ಲ, 'ಜಾಸ್', ಅದೇ. ಎಲ್ಲರೂ ನಕ್ಕರು. ನಮ್ಮ ಆಫೀಸಿನಲ್ಲಿ ಯಾರೂ ನಗಲಿಲ್ಲ.

ಕಾರ್ಡ್ ನಂಬರ್ 7 · ಗುರುವಾರ, ಬೆಳಗಿನ ಜಾವ 4:15

ಸೆಟ್‌ನಿಂದಲೇ ಬರೆಯುತ್ತಿದ್ದೇನೆ. ಎಲ್ಲರೂ ಹೋದರು. ನಾನು ಕಾಪಿ ಆಗುವುದನ್ನು ನೋಡುತ್ತಾ ಕೂತಿದ್ದೇನೆ, ಶೇ 61.

ಡೇಟಾ ನೋಡಿಕೊಳ್ಳುವವನು ನಾನು. ಇವತ್ತು ನೂರಿಪ್ಪತ್ತು ಜನ ಹದಿನೈದು ಗಂಟೆ ಬೆವರು ಸುರಿಸಿದ್ದು ನನ್ನ ಅಂಗೈಯಷ್ಟೂ ಇಲ್ಲದ ಐದು ಕಾರ್ಡ್‌ನಲ್ಲಿದೆ. ಮೂರು ಡ್ರೈವ್‌ಗೆ ಕಾಪಿ ಮಾಡಬೇಕು, ಮೂಲಕ್ಕೂ ಕಾಪಿಗೂ ತಾಳೆ ನೋಡಬೇಕು. ಆಮೇಲೆ ಮಾತ್ರ ಕಾರ್ಡ್ ಫಾರ್ಮ್ಯಾಟ್. ತುಂಬಿದ ಕಾರ್ಡ್‌ಗೆ ಕೆಂಪು ಟೇಪ್, ಖಾಲಿಗೆ ಹಸಿರು. ನಿದ್ದೆಗಣ್ಣಲ್ಲಿ ಒಂದು ಟೇಪ್ ತಪ್ಪು ಅಂಟಿಸಿದರೆ ಮುಗಿಯಿತು. ಅದಕ್ಕೇ ಫಾರ್ಮ್ಯಾಟ್ ಮಾಡುವ ಮುಂಚೆ ಕಾರ್ಡ್ ನಂಬರ್ ಜೋರಾಗಿ ಓದುತ್ತೇನೆ. ಒಬ್ಬನೇ ಕೂತು. "ನಂಬರ್ ಏಳು. ಮೂರು ಕಡೆ ಇದೆ. ಅಳಿಸುತ್ತಿದ್ದೇನೆ." ಮೊದಲ ಸಲ ಕೇಳಿದ ಸೆಕ್ಯೂರಿಟಿಯವರು ದೆವ್ವ ಅಂದುಕೊಂಡು ಟಾರ್ಚ್ ಹಿಡಿದು ಬಂದಿದ್ದರು.

ಶೇ 64.

ಲೆಕ್ಕದವನು · ಬೆಳಗ್ಗೆ 8:40

ರಾತ್ರಿಯೆಲ್ಲ ಇದನ್ನೇ ಓದಿದೆ. ಸುಮ್ಮನೆ ಗೋಳು ಹೇಳಿಕೊಂಡರೆ ಆಗುವುದಿಲ್ಲ, ಲೆಕ್ಕ ಹೇಳುತ್ತೇನೆ.

2021ರಲ್ಲಿ ಅಮೆರಿಕದ ಸಿನಿಮಾ-ಟಿವಿ ತಂತ್ರಜ್ಞರ ಐಎಟಿಎಸ್‌ಇ ಕಾರ್ಮಿಕ ಸಂಘದಲ್ಲಿ ಸುಮಾರು 60,000 ಜನರ ಒಪ್ಪಂದದ ವಿಷಯ ಬಂತು. ಮುಷ್ಕರಕ್ಕೆ ಒಪ್ಪಿಗೆ ಕೇಳಿದಾಗ ಬಿದ್ದ ಮತಗಳಲ್ಲಿ ಶೇ 98 'ಹೌದು'. ಮುಷ್ಕರ ಆಗುವ ಮುಂಚೆಯೇ ರಾಜಿಯಾಯಿತು. ಒಂದು ದಿನದ ಕೆಲಸಕ್ಕೂ ಮುಂದಿನ ಕಾಲ್ ಟೈಮ್‌ಗೂ (ಸೆಟ್‌ಗೆ ಬರಬೇಕಾದ ಹೊತ್ತಿಗೂ) ಮಧ್ಯೆ 10 ಗಂಟೆ ಬಿಡುವು, ಐದು ದಿನದ ವಾರಕ್ಕೆ 54 ಗಂಟೆಯ ವಾರಾಂತ್ಯ ಅಂತ ಬರೆಸಿಕೊಂಡರು. ಅದು ಸಾಲದು ಅಂತ ಬೇಸರಪಟ್ಟವರೂ ಬಹಳ ಜನ ಇದ್ದರು.

ಆ ಮಾತುಕತೆ ಮುಗಿದ ವಾರದಲ್ಲೇ ನ್ಯೂ ಮೆಕ್ಸಿಕೋದ ಸೆಟ್‌ನಲ್ಲಿ ಗುಂಡು ಹಾರಿ ಛಾಯಾಗ್ರಾಹಕಿ ಹಲಿನಾ ಹಚಿನ್ಸ್ ಸತ್ತದ್ದು. ಅಕ್ಟೋಬರ್ 21. ಆ ಬೆಳಗ್ಗೆ ಕ್ಯಾಮೆರಾ ವಿಭಾಗದ ಹಲವರು ಕೆಲಸ ಬಿಟ್ಟು ಹೊರಟಿದ್ದರು. ಸುರಕ್ಷತೆಯ ಬಗ್ಗೆ ದೂರು ಇತ್ತು, ಜೊತೆಗೆ ಉಳಿದುಕೊಳ್ಳುವ ಜಾಗ ತುಂಬಾ ದೂರ ಅನ್ನುವುದೂ ಇತ್ತು. ಗುಂಡಿನ ಸುದ್ದಿ ಲೋಕಕ್ಕೆಲ್ಲ ಗೊತ್ತಾಯಿತು. ರೂಮ್ ದೂರ ಇದೆ ಅಂತ ಅವರು ಹೇಳಿದ್ದನ್ನು ನನ್ನಂಥ ಮ್ಯಾನೇಜರ್ ಮಾತ್ರ ಓದಿ ನಿಲ್ಲಿಸುತ್ತಾನೆ. ಯಾಕೆಂದರೆ ನಾನೂ ದೂರದ ರೂಮ್ ಬುಕ್ ಮಾಡಿದ್ದೇನೆ. ಅಗ್ಗ ಅಂತ.

ಫೋಕಸ್ ಕಳ್ಳ, ನಿಮ್ಮ ಪ್ರೊಡಕ್ಷನ್‌ನವರಿಗೆ ಒಂದು ವ್ಯಾನ್ ಕೇಳಿ. ಹದಿನಾಲ್ಕು ಗಂಟೆ ದಾಟಿದ ದಿನ ಯಾರೂ ತಮ್ಮ ಗಾಡಿ ಓಡಿಸಬಾರದು ಅಂತ. ಬಾಯಲ್ಲಿ ಕೇಳಬೇಡಿ, ನಾಲ್ಕು ಜನ ಸೇರಿ ಮೆಸೇಜ್ ಹಾಕಿ. ಬರವಣಿಗೆಯಲ್ಲಿ ಬಂದಿದ್ದನ್ನು ನಾನಾದರೆ ತಳ್ಳಿಹಾಕಲು ಹೆದರುತ್ತೇನೆ.

ಫೋಕಸ್ ಕಳ್ಳ · ಮುಂದಿನ ಮಂಗಳವಾರ, ಮಧ್ಯಾಹ್ನ 2:10

ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕದವರು ಹೇಳಿದ ಹಾಗೇ ಮಾಡಿದೆವು. ನಾಲ್ಕಲ್ಲ, ಹದಿಮೂರು ಜನ ಸೇರಿ ಮೆಸೇಜ್ ಹಾಕಿದೆವು. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ವ್ಯಾನ್ ಬಂತು!

ನಿನ್ನೆ ರಾತ್ರಿ ಎರಡೂವರೆಗೆ ಪ್ಯಾಕಪ್. ಹಿಂದಿನ ಸೀಟಿನಲ್ಲಿ ಕೂತಿದ್ದಷ್ಟೇ ನೆನಪು, ಮನೆ ಬಂತು ಅಂತ ಎಬ್ಬಿಸಿದರು. ಇಷ್ಟು ಸುಲಭ ಇತ್ತಾ ಅನ್ನಿಸಿತು.

ಬೂಮ್ ಕಂಬ · 2:25

ಭೇಷ್! ನಾವೂ ಇವತ್ತೇ ಮೆಸೇಜ್ ಹಾಕುತ್ತೇವೆ.

ಸ್ಟೇರಿಂಗ್ ಮುಂದೆ · 7:50

ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನಾನು ಯುನಿಟ್ ವ್ಯಾನ್ ಡ್ರೈವರ್. ಫೋಕಸ್ ಸರ್ ಯುನಿಟ್ ಅಲ್ಲ, ಬೇರೆ.

ವ್ಯಾನ್ ಕೇಳಿದ್ದು ಒಳ್ಳೆಯದಾಯಿತು. ಒಂದು ಮಾತು ಹೇಳಬೇಕು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಬೆಳಗ್ಗೆ ಏಳಕ್ಕೆ ಕಾಲ್ ಟೈಮ್ ಅಂದರೆ ಮೇಕಪ್‌ನವರನ್ನು ನಾನು ನಾಲ್ಕೂವರೆಗೆ ಮನೆಯಿಂದ ಹತ್ತಿಸಿಕೊಳ್ಳಬೇಕು. ಅದಕ್ಕೆ ಮೂರೂವರೆಗೆ ಏಳುತ್ತೇನೆ. ರಾತ್ರಿ ಪ್ಯಾಕಪ್ ಆದಮೇಲೆ ಎಂಟು ಮನೆಗೆ ಎಂಟು ಜನರನ್ನು ಬಿಡಬೇಕು. ಕೊನೆಯವರನ್ನು ಬಿಟ್ಟು ಗಾಡಿ ಹಾಕಿ ನಾನು ಮನೆಗೆ ಹೋಗಬೇಕು. ಹಗಲು ಸೆಟ್‌ನಲ್ಲಿ ಮಲಗುತ್ತೀರಲ್ಲ ಅನ್ನುತ್ತಾರೆ. ಮಲಗಿದರೆ ಅದು ತನ್ನಿ ಇದು ತನ್ನಿ ಅಂತ ಎಬ್ಬಿಸುತ್ತಾರೆ.

ಮೊದಲು ನೀವು ಎಂಟು ಜನ ಎಂಟು ಗಾಡಿಯಲ್ಲಿ ತೂಕಡಿಸಿಕೊಂಡು ಹೋಗುತ್ತಿದ್ದಿರಿ. ಈಗ ಎಂಟೂ ಜನ ಒಂದೇ ಗಾಡಿಯಲ್ಲಿ. ತೂಕಡಿಸುವವನು ಮಾತ್ರ ನಾನೊಬ್ಬ.

ಐವತ್ತರ ಲೈಟ್ ಬಾಯ್ · 8:05

ಅಯ್ಯಪ್ಪಾ. ಇಪ್ಪತ್ತೆಂಟು ವರ್ಷ ಲಾರಿ ಹಿಂದೆ ಮಲಗಿಕೊಂಡು ಹೋಗಿದ್ದೇನೆ. ಮುಂದೆ ಕೂತವನನ್ನು ಒಂದು ದಿನವೂ ಕೇಳಲಿಲ್ಲ.

ಫೋಕಸ್ ಕಳ್ಳ · 8:30

ಡ್ರೈವರ್ ಅಣ್ಣಾ, ನಾಚಿಕೆಯಾಯಿತು. ಅವತ್ತು ರಾತ್ರಿ ನನ್ನನ್ನು ಎಬ್ಬಿಸಿದವರ ಹೆಸರು ಕೂಡ ನಾನು ಕೇಳಿರಲಿಲ್ಲ.

ಫೋಕಸ್ ಕಳ್ಳ · ಶನಿವಾರ, ಬೆಳಗ್ಗೆ 10:40

ಏನಾಯಿತು ಅಂತ ಹೇಳಿಬಿಡುತ್ತೇನೆ.

ಮನೆ ತಲುಪಿದವರು "ತಲುಪಿದೆ" ಅಂತ ಹಾಕಲು ಒಂದು ಗ್ರೂಪ್ ಮಾಡಿಕೊಂಡಿದ್ದೆವು. ಅದರಲ್ಲಿ ಮೂವರು ಡ್ರೈವರ್‌ಗಳೂ ಇರಲಿಲ್ಲ, ಸೇರಿಸಿದೆವು. ಗುರುವಾರ ರಾತ್ರಿ ಎರಡೂಮುಕ್ಕಾಲಿಗೆ ಪ್ಯಾಕಪ್. ನನ್ನದು 3:25ಕ್ಕೆ "ತಲುಪಿದೆ". ಒಬ್ಬೊಬ್ಬರದೇ ಬಂತು. ನಮ್ಮ ವ್ಯಾನ್ ಡ್ರೈವರ್‌ದು ಬಂದದ್ದು 5:05ಕ್ಕೆ. ಶುಕ್ರವಾರದ ಕಾಲ್ ಟೈಮ್ ಒಂಬತ್ತು, ಅವರ ಮೊದಲ ಪಿಕಪ್ ಆರೂವರೆಗೆ.

ಆ ಮೆಸೇಜನ್ನೇ ಸ್ಕ್ರೀನ್‌ಶಾಟ್ ತೆಗೆದು ಫಸ್ಟ್ ಎಡಿಗೆ, ಅಂದರೆ ಸೆಟ್‌ನ ಸಮಯ ನೋಡಿಕೊಳ್ಳುವ ಮೊದಲ ಸಹಾಯಕ ನಿರ್ದೇಶಕರಿಗೆ ಕಳಿಸಿದೆ. ಬೇರೇನೂ ಬರೆಯಲಿಲ್ಲ. ಐದು ನಿಮಿಷಕ್ಕೆ ಅವರೇ ಫೋನ್ ಮಾಡಿದರು, ಅವರೂ ಮಲಗಿರಲಿಲ್ಲ. ಕಾಲ್ ಟೈಮ್ ಮಧ್ಯಾಹ್ನ ಒಂದಕ್ಕೆ ಹೋಯಿತು. ಪ್ರೊಡಕ್ಷನ್ ಕಡೆಯಿಂದ ಕೂಗಾಟ ಆಯಿತಂತೆ. ಶುಕ್ರವಾರದ ನಾಲ್ಕು ಸೀನ್‌ನಲ್ಲಿ ಒಂದು ಕೈಬಿಟ್ಟರು. ಇವತ್ತಿನಿಂದ ರಾತ್ರಿ ಪಾಳಿಗೆ ಬೇರೆ ಡ್ರೈವರ್ ಬರುತ್ತಾರಂತೆ, ನೋಡಬೇಕು.

ಲೆಕ್ಕದವನು · 11:02

ಕೂಗಿದವನ ಸಂಕಟ ನನಗೆ ಗೊತ್ತು. ಅಂದಹಾಗೆ ಯಾವ ಸೀನ್ ಬಿಟ್ಟರು?

ಫೋಕಸ್ ಕಳ್ಳ · 11:10

ಹೀರೋ ನಿದ್ದೆ ಬಾರದೆ ಮನೆಯೆಲ್ಲ ಓಡಾಡುವ ಸೀನ್.